ಮೂರು ಗಾದಿಯ ಬೂಟು

ಮಾಮಾನ ಕಾಲು ಕೆಡಿಸಿದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ಈ ಕಥೆಯನ್ನು ಬೇರೆ ಯಾರಾದರೂ ಶುರು ಮಾಡಿದರೆ ನನ್ನ ಪಾತ್ರ ಇನ್ನೂ ಹೊಲಸಾಗುತ್ತದೆ. ನಾನೇ ಹೇಳಿದರೆ ನನ್ನ ದನಿಯಾದರೂ ಸರಿಯಾಗಿ ಬರುತ್ತದೆ.

ಆದದ್ದಿಷ್ಟು. ಹೋದ ವರ್ಷ ನಾನು ಮೊಬೈಲಿನಲ್ಲಿ ನೋಡಿ ಸೈಕಲ್ ತುಳಿಯುವವರ ಬೂಟು ತರಿಸಿದೆ. ಕರಿ ಬಣ್ಣ, ಪಕ್ಕದಲ್ಲಿ ಹಸಿರು ಗೆರೆ, ಲೇಸಿನ ಬದಲು ತಿರುಗಿಸುವ ಗುಂಡಿ. ತಳ ಮಾತ್ರ ಹಲಗೆಯಂತೆ ಗಟ್ಟಿ. ಪೆಡಲಿಗೆ ಕಚ್ಚಿಕೊಳ್ಳುವ ಕೊಂಡಿ ಬೇರೆ, ಆ ಕೊಂಡಿಗೆ ತಕ್ಕ ಪೆಡಲು ಬೇರೆ ಕೊಳ್ಳಬೇಕಂತೆ; ಅದು ನನಗೆ ತಿಳಿದದ್ದು ಬೂಟು ಮನೆಗೆ ಬಂದ ಮೇಲೆ. ಅಂಗಿ ಇಲ್ಲದವನು ಟೈ ಕೊಂಡ ಹಾಗೆ.

ನಂಬರು ಒತ್ತುವಾಗ ನೆನಪಿಗೆ ಬಂದದ್ದು ನಮ್ಮ ಮನೆತನದ ಏಕಮಾತ್ರ ಶಾಸ್ತ್ರ: ಕಾಲಿಗೆ ಹಾಕುವುದನ್ನು ಬಿಗಿಯಾಗಿಯೇ ಕೊಳ್ಳಬೇಕು, ಆಮೇಲೆ ಹಿಗ್ಗಿ ಜಾಗ ಬಿಡುತ್ತದೆ. ನಮ್ಮ ಕಡೆ ಹೊಸ ಚಪ್ಪಲಿ ಕಚ್ಚಿದರೆ ಯಾರೂ ಗಾಬರಿಯಾಗುವುದಿಲ್ಲ. ಔಡಲೆಣ್ಣೆ ಹಚ್ಚಿ ಎರಡು ದಿನ ನೆರಳಿಗೆ ಇಟ್ಟು, ‘ಬಿಡತದ’ ಎನ್ನುತ್ತಾರೆ. ತೊಗಲು ಮಾತು ಕೇಳುತ್ತದೆ, ಬಿಡುತ್ತದೆ. ನಮ್ಮ ಅಜ್ಜ ಹೇಳಿದ್ದು, ನಮ್ಮ ಅಪ್ಪ ಹೇಳಿದ್ದು. ಎಂಟನೇ ನಂಬರಿನ ಕಾಲಿಗೆ ನಾನು ಏಳನೇ ನಂಬರು ತರಿಸಿದೆ.

ಮೂರು ದಿನ ಹಾಕಿದೆ. ಮೂರು ಮಂದಿಯ ಸೀಟಿನಲ್ಲಿ ಐದು ಮಂದಿ ಕೂತು ಬೀದರಕ್ಕೆ ಹೋದಂತೆ ಬೆರಳುಗಳು ಒಂದರ ಮೇಲೊಂದು ಏರಿದವು. ನಾಲ್ಕನೇ ದಿನ ನನ್ನ ನಡಿಗೆ ನೋಡಿ, ನಾನು ಕೆಲಸ ಮಾಡುವ ಆನ್‌ಲೈನ್ ಅರ್ಜಿಯ ಅಂಗಡಿಯಲ್ಲಿ ಒಬ್ಬ ಅಜ್ಜಿ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಪಿಂಚಣಿಗೆ ಅರ್ಜಿ ಹಾಕಲು ಬಂದವಳು. ಬೂಟು ವಾಪಸು ಕಳಿಸಬಹುದಿತ್ತು. ಆದರೆ ಅಷ್ಟರಲ್ಲಿ ಅದರ ಹೊಗಳಿಕೆಯನ್ನು ಇಡೀ ಓಣಿಗೆ ಸಾರಿದ್ದೆ, ಮರ್ಯಾದೆಯ ಲೆಕ್ಕ ಹಾಕುತ್ತ ಕೂತು ವಾಪಸಿನ ಗಡುವೂ ದಾಟಿತು. ಆಗ ನನ್ನ ತಲೆಯಲ್ಲಿ ಮಾಮಾ ಹೊಳೆದರು.

ಮಾಮಾ ಎಂದರೆ ಅವ್ವನ ಅಣ್ಣ. ಬಸವಕಲ್ಯಾಣದಲ್ಲಿ, ನಮ್ಮ ಓಣಿಯಲ್ಲೇ, ಹಿಟ್ಟಿನ ಗಿರಣಿ ನಡೆಸುತ್ತಾರೆ. ಮೂವತ್ತು ವರ್ಷ ಗಿರಣಿಯ ಸಪ್ಪಳದ ಮೇಲೆ ಮಾತಾಡಿ ಮಾತಾಡಿ, ಈಗ ಊಟಕ್ಕೆ ಕೂತು ಉಪ್ಪು ಕೇಳಿದರೂ ಎದುರು ಮನೆಯವರು ಉಪ್ಪಿನ ಡಬ್ಬಿ ಹುಡುಕುತ್ತಾರೆ. ನನಗೆ ಎಲ್ಲರ ದನಿ ತೆಗೆದು ಅಣಕಿಸುವ ಚಟ; ಮಾಮಾನ ದನಿ ತೆಗೆದ ದಿನ ನನ್ನ ಗಂಟಲಿಗೆ ಅರಿಶಿನದ ಹಾಲು ಬೇಕಾಗುತ್ತದೆ. ಎರಡು ವರ್ಷದ ಹಿಂದೆ ಅವರಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಮಂಡಿ ನೋವಿದೆ, ದೂರ ನಡೆಯಲಾಗದು. ಸೈಕಲ್ ತುಳಿಯಿರಿ ಎಂದರು ಡಾಕ್ಟರು. ಮಾಮಾ ತುಳಿದರು. ದಿನಾ ಬೆಳಿಗ್ಗೆ ಕ್ಯಾನ್ವಾಸ್ ಬೂಟು ಹಾಕಿ ಪಕ್ಕದ ಹಳ್ಳಿ ಮೋರಖಂಡಿಯ ತನಕ ಹೋಗಿ, ಅಲ್ಲಿ ಹೊಲದ ಬದಿಯಲ್ಲಿ ಸೊಪ್ಪು ಪಲ್ಲೆ ಕೊಂಡು ಬರುತ್ತಿದ್ದರು. ಸಕ್ಕರೆ ಇಳಿಯಿತು. ಅದಕ್ಕಿಂತ ಹೆಚ್ಚಾಗಿ, ಮಾಮಾಗೆ ಮೋರಖಂಡಿ ರುಚಿ ಹತ್ತಿತು. ಇವತ್ತು ಎದುರುಗಾಳಿ ಇತ್ತು, ಇವತ್ತು ಟ್ರ್ಯಾಕ್ಟರಿನವನನ್ನು ಹಿಂದೆ ಹಾಕಿದೆ, ಎಂದು ಜೋಳ ಬೀಸಲು ಬಂದ ಹೆಂಗಸರಿಗೆಲ್ಲ ವರದಿ ಒಪ್ಪಿಸುತ್ತಿದ್ದರು.

ಇಂಥ ಮನುಷ್ಯನ ಕಾಲಿನ ಬಗ್ಗೆ ನಾನು ಮಾಡಿದ ಆಲೋಚನೆ ಹೀಗಿತ್ತು: ಮಾಮಾನದೂ ಎಂಟನೇ ನಂಬರು. ಆದರೆ ಸಕ್ಕರೆ ಬಂದ ಮೇಲೆ ಬಡವಾಗಿದ್ದಾರೆ. ಹೊಟ್ಟೆ ಇಳಿದಿದೆ, ಕಪಾಳ ಇಳಿದಿದೆ, ಅಂದಮೇಲೆ ಕಾಲೂ ಒಂದು ನಂಬರು ಇಳಿದಿರಲೇಬೇಕು. ಡಿಗ್ರಿ ಮುಗಿಸಿದವನ ತರ್ಕ ಇದು. ಬೂಟನ್ನು ಒರೆಸಿ, ಡಬ್ಬಿಗೆ ಹಾಕಿ, ಗಿರಣಿಗೆ ಒಯ್ದೆ.

“ಏನಲೇ ಅಳ್ಯಾ ಇದು?”

“ಸೈಕಲ್ ಬೂಟು ರಿ ಮಾಮಾ. ನಿಮಗಂತ ತರಿಸೀನಿ.”

ಮಾಮಾ ಗಿರಣಿಯ ಪಟ್ಟೆ ಜಾರಿಸಿ ನಿಲ್ಲಿಸಿದರು. ಗಿರಾಕಿ ಇದ್ದಾಗ ಅವರು ಹಾಗೆ ನಿಲ್ಲಿಸಿದ್ದನ್ನು ನಾನು ನೋಡಿರಲಿಲ್ಲ. ಕೈ ಒರೆಸಿಕೊಂಡು ಬೂಟನ್ನು ಎರಡೂ ಅಂಗೈಯಲ್ಲಿ ಇಟ್ಟುಕೊಂಡರು. “ನೋಡ್ರಿ, ನಮ್ಮ ಅಳಿಯಾ ತರಿಸ್ಯಾನ,” ಎಂದು ಬುಟ್ಟಿ ಹಿಡಿದು ನಿಂತ ಹೆಂಗಸರಿಗೆ ತೋರಿಸಿದರು. ಹಾಕಿ ನೋಡಿದರು. ಮುಖ ಸ್ವಲ್ಪ ಸಣ್ಣದಾಯಿತು.

“ಬಿಗಿ ಅವಲ್ಲೋ.”

“ಬಿಡತಾವ್ರಿ.”

“ಹೌದು,” ಎಂದರು ಮಾಮಾ, ಶಾಸ್ತ್ರಕ್ಕೆ ತಲೆಬಾಗಿ. “ಬಿಡತಾವ.”

ಅವತ್ತೇ ಔಡಲೆಣ್ಣೆ ಹಚ್ಚಿ ಗಿರಣಿಯ ಮೂಲೆಯಲ್ಲಿ ಇಟ್ಟರು. ಮರುದಿನ ನೋಡಿದರೆ ಎಣ್ಣೆಯ ಮೇಲೆಲ್ಲ ಹಿಟ್ಟು ಕೂತು, ಎಣ್ಣೆಗೆ ಬಿಡಲು ತಯಾರಾದ ಎರಡು ಭಜಿಯಂತೆ ಬೂಟು ಕಾಣುತ್ತಿತ್ತು. ಒರೆಸಿ, ಮತ್ತೆ ಹಚ್ಚಿ, ಹಾಕಿಕೊಂಡು ಹೊರಟರು. ನಮ್ಮ ಮನೆಯ ಮುಂದೆ ಬಂದಾಗ ಗಂಟೆ ಬಾರಿಸಿ, ಒಂದು ಕಾಲು ಮೇಲೆತ್ತಿ ತೋರಿಸಿದರು. ಹಾಕೊಂಡೀನಿ ನೋಡು, ಎಂಬಂತೆ. ಆಮೇಲೆ ದಿನಾ ಅದೇ. ಗಂಟೆ, ಮೇಲೆತ್ತಿದ ಕಾಲು, ಹಸಿರು ಗೆರೆ.

ನೋವು ಎಂದು ಮಾಮಾ ಒಂದು ದಿನವೂ ಅನ್ನಲಿಲ್ಲ. ಆದರೆ ನಡಿಗೆ ಬದಲಾಯಿತು. ಅಂಗಾಲಿನ ಹೊರಗಿನ ಅಂಚಿನ ಮೇಲೆ ಭಾರ, ಹೆಬ್ಬೆರಳು ಗಾಳಿಯಲ್ಲಿ, ಮೂರು ಹೆಜ್ಜೆಗೊಮ್ಮೆ ಗೋಡೆಗೆ ಕೈ. ನಾನು ಆ ನಡಿಗೆಯನ್ನು ಎರಡೇ ದಿನದಲ್ಲಿ ಕಲಿತೆ. ಗೋಡೆಗೆ ಕೈ ಇಟ್ಟಾಗ ಮೂಗಿನಿಂದ ಬರುವ ಸಣ್ಣ ಉಸಿರಿನ ಸಮೇತ. ಅವ್ವನ ಮುಂದೆ ಮಾಡಿದೆ, ಅಂಗಡಿಯಲ್ಲಿ ಮಾಡಿದೆ, ಮಾಮಾನ ಅಡುಗೆಮನೆಯಲ್ಲಿ ಮಾಮಿಯ ಮುಂದೆಯೂ ಮಾಡಿದೆ. ಎಲ್ಲರೂ ನಕ್ಕರು. ಮಾಮಿ ನಗಲಿಲ್ಲ, “ಹ್ಞೂಂ” ಎಂದಳು. ಮಾಮಿಯ ಹ್ಞೂಂನಲ್ಲಿ ಹದಿನಾರು ಬಗೆ ಇವೆ. ಹದಿನೈದನ್ನು ನಾನು ತೆಗೆಯಬಲ್ಲೆ. ಅದು ಹದಿನಾರನೆಯದು.

ಒಳಗೊಳಗೆ ನನಗೆ ಚುಚ್ಚತೊಡಗಿತು. ನಿಜ ಹೇಳುವ ಬದಲು ನಾನು ಬೂಟಿನೊಳಗೆ ಹಾಸುವ ಮೆತ್ತೆ ತರಿಸಿದೆ. ಇನ್‌ಸೋಲ್ ಅನ್ನುತ್ತಾರೆ. ಮೊಬೈಲಿನ ವಿಡಿಯೋದಲ್ಲಿ ಒಬ್ಬರು ಅದನ್ನು ಬೆರಳಿನಿಂದ ಒತ್ತಿ, ಮಗುವಿನ ಕೆನ್ನೆ ಮುಟ್ಟಿದವರ ದನಿಯಲ್ಲಿ, “ಈಗ ನಿಮ್ಮ ಪಾದಗಳು ಮೋಡದ ಮೇಲೆ” ಎನ್ನುತ್ತಿದ್ದರು. ಒಂದು ಹಾಸಿದೆ. ಮಾಮಾ ಗೋಡೆ ಹಿಡಿಯುವುದು ಮೂರು ಹೆಜ್ಜೆಯಿಂದ ಎರಡಕ್ಕೆ ಬಂತು. ಸಾಲದೇನೋ ಎಂದು ಇನ್ನೊಂದು ಹಾಸಿದೆ. ಆಮೇಲೆ ಲೋಳೆಯಂಥ ದಪ್ಪನೆಯದು ಒಂದು.

“ಈಗ ಹ್ಯಾಂಗ ಅದರಿ ಮಾಮಾ?”

“ಮೆತ್ತಗ ಅದ,” ಎಂದರು ಹಲ್ಲು ಕಚ್ಚಿ. “ಭಾಳ ಮೆತ್ತಗ ಅದ.”

ಗುಟ್ಟು ಹಿಡಿದದ್ದು ಮಾಮಿ. ಒಂದು ಮಧ್ಯಾಹ್ನ ನನ್ನನ್ನು ಕರೆದು ಕೈಗೆ ಒಂದು ಕಟ್ಟು ಮೆಂತೆ ಪಲ್ಲೆ ಕೊಟ್ಟಳು.

“ಅಳ್ಯಾ, ಇದು ಎಲ್ಲೀದು ಹೇಳು.”

“ಮೋರಖಂಡೀದು ರಿ. ಮಾಮಾ ತಂದದ್ದಲ್ಲೇನ್ರಿ?”

“ಮೋರಖಂಡ್ಯಾಗ ಜ್ವಾಳದ ಎಲಿ ಸುತ್ತಿ ಕಟ್ಟತಾರ. ಇದಕ್ಕ ರಬ್ಬರ್ ಹಾಕ್ಯಾರ. ಇದು ನಮ್ಮ ಬಸ್ ಸ್ಟ್ಯಾಂಡ್ ಮುಂದಿನ ಪಲ್ಲೆ. ಹದಿನೈದು ದಿನದಿಂದ ರಬ್ಬರೇ ಬರಾಕತ್ತದ.” ಕಟ್ಟನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡಳು. “ಮುಂದಿನ ತಿಂಗಳು ರಕ್ತ ತಪಾಸಣಿ ಅದ. ಇವ್ರು ಸೈಕಲ್ ಬಿಟ್ರಂದ್ರ ಸಕ್ಕರಿ ಮತ್ತ ಏರತದ. ಕೇಳಿದ್ರ ನನ್ನ ಮುಂದ ಬಾಯಿ ಬಿಡಂಗಿಲ್ಲ. ನೀ ನೋಡು.”

ಮರುದಿನ ಬೆಳಿಗ್ಗೆ ಹಿಂದೆ ಹಿಂದೆ ಹೋದೆ. ಮಾಮಾ ನಮ್ಮ ಮನೆಯ ಮುಂದೆ ಗಂಟೆ ಬಾರಿಸಿದರು, ಕಾಲೆತ್ತಿದರು, ತಿರುವು ದಾಟಿದರು. ಅಲ್ಲೇ ಒಂದು ಚಹಾದ ಹೋಟೆಲಿನ ಮುಂದೆ ಇಳಿದು, ಬೂಟು ಬಿಚ್ಚಿ ಹ್ಯಾಂಡಲಿಗೆ ತೂಗುಹಾಕಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹರವಿಕೊಂಡು ಬೆಂಚಿನ ಮೇಲೆ ಕೂತರು. ಒಂದು ತಾಸು ಕೂತರು. ಆಮೇಲೆ ನಳದ ನೀರಿನಿಂದ ಅಂಗಿಯ ಕಾಲರನ್ನೂ ಬೆನ್ನನ್ನೂ ತೋಯಿಸಿಕೊಂಡರು. ಅದೇ ಮೋರಖಂಡಿಯ ಬೆವರು. ಮತ್ತೆ ಬೂಟಿನೊಳಗೆ ಕಾಲು ತುರುಕುವಾಗ ಕಣ್ಣು ಮುಚ್ಚಿಕೊಂಡರು. ಬಸ್ ಸ್ಟ್ಯಾಂಡ್ ಮುಂದೆ ಪಲ್ಲೆ ಕೊಂಡು, ನಮ್ಮ ಓಣಿಗೆ ತಿರುಗುವಾಗ ಗಂಟೆ ಬಾರಿಸಲು ಕೈ ತಯಾರು ಮಾಡಿಕೊಂಡರು.

ನಟನೆ ನಮ್ಮ ರಕ್ತದಲ್ಲೇ ಇದೆ ಎಂದು ನನಗೆ ಗೊತ್ತಿರಲಿಲ್ಲ. ಇನ್ನೊಬ್ಬರ ಹಾಗೆ ನಟಿಸುವವನನ್ನು ನೋಡಿದ್ದೆ, ಕನ್ನಡಿಯಲ್ಲಿ. ಇವರು ಹದಿನೈದು ದಿನದಿಂದ ತಮ್ಮ ಹಾಗೆಯೇ ನಟಿಸುತ್ತಿದ್ದರು. ನನಗೆ ಬೇಜಾರಾಗಬಾರದು ಎಂದು.

ಮಾಮಿಗೆ ಹೇಳಿದೆ, ಬೂಟು ಯಾರದಿತ್ತು ಎಂಬುದೊಂದನ್ನು ಬಿಟ್ಟು. ಅವಳು ಹ್ಞೂಂ ಎಂದು, ತನ್ನ ತವರೂರು ಹುಮನಾಬಾದಿನ ಒಬ್ಬ ಹಿರಿಯರ ಗುರುತು ಹೇಳಿದಳು. ಚಪ್ಪಲಿ, ಬೂಟು ಮಾಡುವವರು. ಅವಳ ಅಪ್ಪನ ಕಾಲಿಗೆ ಕಡೆಯತನಕ ಅವರೇ ಮಾಡಿಕೊಟ್ಟದ್ದು. “ಬೂಟು ಹಾಕೊಂಡೇ ಹೋಗ್ರಿ,” ಎಂದಳು. “ಅವ್ರು ನೋಡ್ಲಿ.”

ಬಸ್ಸಿನಲ್ಲಿ ಮಾಮಾ ಕಿಟಕಿಯ ಕಡೆ ಕೂತರು. ನಡುವಿನ ಊರು ರಾಜೇಶ್ವರದ ತನಕ ನಾನು ಕಂಡಕ್ಟರನ ದನಿಯಲ್ಲಿ ರಾಜೇಶ್ವರ ರಾಜೇಶ್ವರ ಎನ್ನುತ್ತ ಬಂದೆ. ಒಬ್ಬ ಮುದುಕ ನಿಜವಾಗಿಯೂ ಗಂಟು ಎತ್ತಿಕೊಂಡು ಎದ್ದ. ಮಾಮಾ ನಕ್ಕರು, ಆದರೆ ಸೀಟಿನ ಕೆಳಗೆ ಒಂದು ಹಿಮ್ಮಡಿ ಬೂಟಿನಿಂದ ಅರ್ಧ ಹೊರಗಿತ್ತು.

ಹುಮನಾಬಾದಿನ ಬಜಾರಿನಲ್ಲಿ ಒಂದು ತಗಡಿನ ನೆರಳು. ಅದರ ಕೆಳಗೆ ಆ ಹಿರಿಯ ಕಾಕಾ ಕೂತಿದ್ದರು. ಬಂದವರ ಮುಖ ನೋಡುವ ರೂಢಿ ಅವರಿಗಿಲ್ಲ, ಕಾಲು ನೋಡಿ ಮಾತಾಡುತ್ತಾರೆ. ಮಾಮಿಯ ಅಪ್ಪನ ಹೆಸರು ಹೇಳಿದರೆ ನೆನಪಾಗಲಿಲ್ಲ. ಎಡಗಾಲಿನ ಮೇಲೆ ಆಣಿ ಇತ್ತು ಎಂದ ಕೂಡಲೇ, “ಓ, ಅವ್ರಾ,” ಎಂದು ಕೈಯಲ್ಲಿದ್ದ ಸುತ್ತಿಗೆ ಬದಿಗಿಟ್ಟರು.

“ಯಾರಿಗಿ ತಕಲೀಫು?”

“ಯಾರಿಗೂ ಇಲ್ರಿ,” ಎಂದರು ಮಾಮಾ, ಗಿರಣಿಯ ದನಿಯಲ್ಲಿ. “ಅಳಿಯಾ ಸುಮ್ನ ಕರ್ಕೊಂಡು ಬಂದಾನ.”

“ಮೆಲ್ಲಕ ಹೇಳ್ರಿ, ನನ್ನ ಕಿವಿ ಛಲೋ ಅವ. ಜರಾ ನಡದು ತೋರಸ್ರಿ.”

ಮಾಮಾ ನಡೆದರು. ಎದೆ ಸೆಟೆಸಿ, ನೆಟ್ಟಗೆ, ಧ್ವಜ ಹಾರಿಸಲು ಹೋಗುವವರ ಹಾಗೆ. ಕಾಕಾ ತಲೆ ಅಲ್ಲಾಡಿಸಿ ನನ್ನ ಕಾಲುಗಳ ಕಡೆ ತಿರುಗಿದರು.

“ಮನ್ಯಾಗ ಹ್ಯಾಂಗ ನಡೀತಾರ ಇವ್ರು?”

ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ. ಎದ್ದು ಮಾಡಿ ತೋರಿಸಿದೆ. ಹೊರ ಅಂಚಿನ ಮೇಲೆ ಭಾರ, ಹೆಬ್ಬೆರಳು ಗಾಳಿಯಲ್ಲಿ, ಕಂಬಕ್ಕೆ ಕೈ, ಸಣ್ಣ ಉಸಿರು. ಪಕ್ಕದ ಬಳೆಯಂಗಡಿಯವರು ನಕ್ಕರು. ಕಾಕಾ ನಗಲಿಲ್ಲ.

“ಮತ್ತೊಮ್ಮಿ.”

ಮತ್ತೊಮ್ಮೆ ಮಾಡಿದೆ.

“ಬಲಗಾಲು ಹಂಗೇ ಹೊರಗ ತಿರುವತಾರೇನು? ನೀ ನಿನ್ನದೇನೂ ಕೂಡಿಸಿಲ್ಲ ಹೌದಿಲ್ಲೋ?”

“ಇಲ್ರಿ ಕಾಕಾ. ಹಂಗೇ.”

“ಬೂಟು ಬಿಚ್ಚರಿ,” ಎಂದರು ಮಾಮಾಗೆ.

ಒಂದು ತಿಂಗಳಿಂದ ನಾನು ಊರಿಗೆಲ್ಲ ಒಪ್ಪಿಸುತ್ತಿದ್ದ ಪಾಠದ ಅರ್ಥವನ್ನು ಅವರು ಎರಡು ಸಲ ನೋಡಿ ತಿಳಿದುಕೊಂಡರು. ಕಾಲುಚೀಲ ತೆಗೆದಾಗ ನಾನು ಮೊದಲ ಸಲ ಅದನ್ನು ನೋಡಿದೆ. ಬಲಗಾಲಿನ ಕಿರುಬೆರಳಿನ ಉಗುರು ಕರ್ರಗಾಗಿತ್ತು. ಬೆರಳಿನ ಬುಡದಲ್ಲಿ ಚರ್ಮ ಸುಲಿದು ಕಾಲುಚೀಲಕ್ಕೆ ಅಂಟಿತ್ತು. ಮಾಮಾ ಬಗ್ಗಿ ನೋಡಿ, “ಇದು ಯಾವಾಗ ಆಯ್ತು?” ಎಂದರು. ನಟನೆ ಅಲ್ಲ, ನಿಜವಾಗಿ ಕೇಳಿದರು.

ಕಾಕಾ ಮೊದಲ ಸಲ ತಲೆಯೆತ್ತಿ ಮುಖ ನೋಡಿದರು. “ಸಕ್ಕರಿ ಅದ ಏನ್ರಿ?”

“ಅದರಿ.” ಮಾಮಾನ ದನಿ ಅಷ್ಟು ಸಣ್ಣದಾಗಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

“ಕಾಲು ಜುಮ್ ಅಂತಾವ?”

“ಬೂಟು ಹಾಕಿದ ಹೊತ್ತಿನ್ಯಾಗ ನೋಯ್ತಾವ, ಜುಮ್ ಅಂತಾವ. ಆಮ್ಯಾಲ ಏನೂ ತಿಳಿಯಂಗಿಲ್ಲ. ಅದಕ್ಕ, ಬಿಟ್ಟಾವ ಅನ್ಕೊಂಡೆ.”

“ನೋವು ಇದ್ದದ್ದಕ್ಕ ಅಂಜಬ್ಯಾಡ್ರಿ. ತಿಳಿಯಂಗಿಲ್ಲ ಅಂತೀರಲ್ಲ, ಅದಕ್ಕ ಅಂಜರಿ. ಇವತ್ತ ಊರಿಗಿ ಹೋದ ಮ್ಯಾಲ ಮೊದಲ ಡಾಕ್ಟರಿಗಿ ತೋರಸ್ರಿ, ಆಮ್ಯಾಲ ಊಟ.”

ಬೂಟನ್ನು ಕೈಗೆ ತೆಗೆದುಕೊಂಡು ಮೂಸಿದರು. “ಎಣ್ಣಿ ಯಾಕ ಹಚ್ಚೀರಿ?”

“ಬಿಡಲಿ ಅಂತ್ರಿ,” ಎಂದೆವು ಮಾಮಾ ಮತ್ತು ನಾನು, ಒಂದೇ ಉಸಿರಿಗೆ.

“ಇದು ತೊಗಲಲ್ಲ. ನೀರಿನ ಕೊಡದ ಪ್ಲಾಸ್ಟಿಕ್. ಕೊಡಕ್ಕ ಎಣ್ಣಿ ಹಚ್ಚಿದ್ರ ಹಿಗ್ಗತದೇನು? ತೊಗಲಿಗಿ ಜೀವ ಇತ್ತು, ಅದು ಬಿಡತದ. ಇದು ಬಿಡಂಗಿಲ್ಲ, ಕಾಲೇ ಬಿಡಬೇಕು.” ಒಳಗೆ ಎರಡು ಬೆರಳು ಹಾಕಿ ನನ್ನ ಮೆತ್ತೆಗಳನ್ನು ಎಳೆದರು. ಒಂದು ಬಂತು. ಎರಡು ಬಂತು. ಲೋಳೆಯದು ಬಂತು. “ಈ ಗಾದಿ ಯಾರು ಹಾಸಿದ್ದು?”

“ನಾನ್ರಿ. ಮೆತ್ತಗಾಗಲಿ ಅಂತ.”

“ಸಣ್ಣ ಖೋಲಿಯೊಳಗ ಮೂರು ಗಾದಿ ಒಂದರ ಮ್ಯಾಲ ಒಂದು ಹಾಸೀದಿ. ಗಾದಿ ಮೆತ್ತಗ ಅವ, ಖರೇ. ಮಲಗಿದವನ ಮೂಗು ಮಾಳಗಿಗಿ ಬಡಿಯಾಕತ್ತದ. ಅವಗ ಗಾದಿ ಬೇಕಾಗಿದ್ದಿಲ್ಲಪ್ಪಾ, ಜಗಾ ಬೇಕಾಗಿತ್ತು.”

ಕಡೆಗೆ ಬೂಟಿನ ಜೊತೆಗೇ ಬಂದಿದ್ದ ತೆಳ್ಳನೆಯ ಪದರ ಹೊರಬಂತು. ಅದನ್ನು ನೆಲದ ಮೇಲಿಟ್ಟು, “ಕುಂತ ಕಾಲು ಬ್ಯಾರೆ, ನಿಂತ ಕಾಲು ಬ್ಯಾರೆ. ನಿಂದರ್ರಿ ಇದರ ಮ್ಯಾಲ,” ಎಂದರು. ಮಾಮಾ ನಿಂತರು. ಮೂವತ್ತು ವರ್ಷ ಬರಿಗಾಲಲ್ಲಿ ಗಿರಣಿಯ ಮುಂದೆ ನಿಂತ ಪಾದ ಎರಡೂ ಬದಿಗೆ ಬೆರಳಗಲ ಚೆಲ್ಲಿತು, ತಟ್ಟೆಗಿಂತ ದೊಡ್ಡ ರೊಟ್ಟಿಯಂತೆ.

ಅಷ್ಟಕ್ಕೇ ಮುಗಿದಿದ್ದರೆ ನನ್ನ ಪುಣ್ಯ. ಕಾಕಾ ಆ ಪದರವನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ಬೆವರಿನಿಂದ ಮೂಡಿದ ಕಾಲಿನ ಗುರುತು.

“ಇದು ಇವರ ಕಾಲಲ್ಲ,” ಎಂದರು. “ಇವರಿಗಿಂತ ಮೊದಲ ಯಾರೋ ಹಾಕ್ಯಾರ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ ಇದ್ದವ್ರು.”

ನಾನು ಚಪ್ಪಲಿ ಹಾಕಿದ್ದೆ. ನನ್ನ ಎರಡನೆಯ ಬೆರಳು ಹೆಬ್ಬೆರಳನ್ನು ದಾಟಿ, ತರಗತಿಯಲ್ಲಿ ಕೈಯೆತ್ತಿದ ಹುಡುಗನಂತೆ ಎದ್ದು ನಿಂತಿತ್ತು. ಮಡಚಿಕೊಳ್ಳಲು ನೋಡಿದೆ. ಕಾಕಾ ಆ ಬೆರಳನ್ನು ಒಂದು ಕ್ಷಣ ನೋಡಿ, ಪದರವನ್ನು ನನ್ನ ಕೈಗೆ ಕೊಟ್ಟರು. “ನಿಂದು ನೀ ಇಟ್ಕೋ.”

ಆಮೇಲೆ ಕಾಗದ ಹಾಸಿ, ಮಾಮಾನನ್ನು ನಿಲ್ಲಿಸಿ, ಎರಡೂ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಹಳೆಯ ಕ್ಯಾನ್ವಾಸ್ ಬೂಟಿಗಿಂತ ಒಂದು ನಂಬರು ದೊಡ್ಡದು, ಮುಂದೆ ಅಗಲ ಇರುವುದು ಕೊಳ್ಳಿರಿ, ಅದರೊಳಗೆ ಹಾಕಲು ತೊಗಲಿನದು ಒಂದೇ ಒಂದು ತೆಳ್ಳನೆ ಗಾದಿ ಮಾಡಿಡುತ್ತೇನೆ ಎಂದರು. ಮಾಮಾ ಹ್ಞೂಂ ಎಂದರು. ಮಾಮಿಯಿಂದ ಕಲಿತ ಹ್ಞೂಂ. ನನ್ನ ಕಡೆ ನೋಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಮಾತಾಡಲಿಲ್ಲ. ಬೈದಿದ್ದರೆ ನಡೆಯುತ್ತಿತ್ತು, ಆ ದನಿ ನನಗೆ ಪರಿಚಯದ್ದು. ಸುಮ್ಮನಿರುವ ಮಾಮಾನನ್ನು ಹೇಗೆ ತೆಗೆಯಬೇಕು ಎಂಬುದು ನನಗೆ ಬರುತ್ತಿರಲಿಲ್ಲ. ರಾಜೇಶ್ವರ ಬಂದಾಗ ಕಂಡಕ್ಟರನೇ ಕೂಗಿದ. ಡಾಕ್ಟರು ಗಾಯ ತೊಳೆದು ಪಟ್ಟಿ ಕಟ್ಟಿ, ಸರಿಯಾದ ಹೊತ್ತಿಗೆ ಬಂದಿರಿ, ಆರುವ ತನಕ ಬೂಟೂ ಬೇಡ ಸೈಕಲೂ ಬೇಡ, ದಿನಾ ಕಾಲು ನೋಡಿಕೊಳ್ಳಿರಿ ಎಂದರು. ಮನೆಯಲ್ಲಿ ಮಾಮಿ ಬಾಗಿಲಲ್ಲೇ ಕೇಳಿದಳು, “ಏನಾಗಿತ್ತಂತ?”

ನಾನು ಬಾಯಿ ತೆರೆದೆ. ಮಾಮಾ ನನಗಿಂತ ಮೊದಲು ಹೇಳಿದರು: “ಏನಿಲ್ಲ. ನನ್ನ ಕಾಲೇ ಅಗಲ. ಪಾಪ, ಅವಗ ಹ್ಯಾಂಗ ಗೊತ್ತಾಗಬೇಕು?”

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಮಾಮಿಯ ಮುಂದೆ ಕೂತು ಎಲ್ಲ ಹೇಳಿದೆ: ಬೂಟು ನನ್ನದು, ನನಗೆ ಕಚ್ಚಿದ್ದು, ಗಡುವು ದಾಟಿದ್ದು, ಒರೆಸಿ ಡಬ್ಬಿಗೆ ಹಾಕಿದ್ದು. ಅವಳು ಮೆಂತೆ ಸೋಸುತ್ತಿದ್ದವಳು ತಲೆಯೆತ್ತಲಿಲ್ಲ. “ಅವತ್ತೇ ಇವ್ರು ಹೇಳ್ಯಾರ ನನಗ,” ಎಂದಳು. “ನಿನಗ ಹೇಳಬ್ಯಾಡ ಅಂದಿದ್ರು. ಬೇಜಾರ ಮಾಡ್ಕೋತಾನ ಅಂತ.”

ಗಾಯ ಆರಿತು. ಆದರೆ ಕಾಕಾ ಹೇಳಿದ ‘ಅಂಜರಿ’ ಮಾಮಾನ ಮನಸ್ಸಿನಲ್ಲಿ ಕೂತಿತೇನೋ, ಸೈಕಲ್ ಗಿರಣಿಯ ಗೋಡೆಗೆ ಒರಗಿ ನಿಂತಲ್ಲೇ ನಿಂತಿತು. ಸೀಟಿನ ಮೇಲೆ ಹಿಟ್ಟಿನ ಪದರ ಕೂತಿತು. ಯಾರಾದರೂ ಕೇಳಿದರೆ ಮಾಮಾ, “ಸಾಕ್ರಿ ಇನ್ನ, ಎಷ್ಟಂತ ತುಳೀಬೇಕು,” ಎನ್ನುತ್ತಿದ್ದರು. ಮಾಮಿ ಅನ್ನ ಇನ್ನೂ ಒಂದು ಸೌಟು ಕಡಿಮೆ ಮಾಡಿದಳು. ಪಲ್ಲೆ ಯಾವ ಊರಿನದೂ ಬರುತ್ತಿರಲಿಲ್ಲ. ನನ್ನ ಬೂಟು ಹೋದರೆ ಹೋಗಲಿ, ಗಾಯ ಆರಿದರೆ ಸಾಲದು, ಮಾಮಾ ಮತ್ತೆ ಮೋರಖಂಡಿಗೆ ಹೋಗಬೇಕು ಎಂದು ನಾನು ನಿದ್ದೆಯಲ್ಲೂ ಅನ್ನತೊಡಗಿದೆ, ಅದೂ ನನ್ನದೇ ದನಿಯಲ್ಲಿ.

ಹುಮನಾಬಾದಿಗೆ ಹೋಗಿ ಗಾದಿ ತಂದೆ. ತೊಗಲಿನದು, ಹಪ್ಪಳದಷ್ಟು ತೆಳು. ಅಗಲ ಮೂತಿಯ, ಒಂಬತ್ತನೇ ನಂಬರಿನ ಕ್ಯಾನ್ವಾಸ್ ಬೂಟು ಕೊಂಡು ಅದರೊಳಗೆ ಹಾಸಿ, ಸಂಜೆ ಗಿರಣಿಗೆ ಒಯ್ದೆ. ನಾಲ್ಕೈದು ಹೆಂಗಸರು ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ಮಾಮಾ ಗಿರಣಿ ನಿಲ್ಲಿಸಿ, ಬೂಟು ಹಾಕಿ, ಎದ್ದು ನಿಂತರು. ಬೆರಳು ಅಲ್ಲಾಡಿಸಿದರು. ಜೋಳದ ಚೀಲಗಳ ಸುತ್ತ ಒಂದು ಸುತ್ತು ಹಾಕಿದರು, ಗೋಡೆ ಮುಟ್ಟದೆ.

“ಜಗಾ ಅದ,” ಎಂದರು.

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ತಪ್ಪು ಮಾಡಿದವನ ಕಾಳಜಿ ಬಹಳ ಉದ್ದ ಇರುತ್ತದೆ. “ಮಾಮಾ, ನಾಳಿ ನಾನೂ ಬರ್ತೀನಿ. ಮೋರಖಂಡಿ ಬ್ಯಾಡ, ಮೊದಲ ದಿನ ಕೆರಿ ತನಕ ಅಷ್ಟೇ ಹೋಗೋಣು. ಹತ್ತು ನಿಮಿಷಕ್ಕೊಮ್ಮಿ ಇಳದು ಬೂಟು ಬಿಚ್ಚಿ ನೋಡೋಣು. ಜುಮ್ ಅಂದ್ರ ಹೇಳ್ರಿ, ನಾ ಆಟೋ ತರ್ತೀನಿ. ಮುಲಾಮು ಕಿಸೆದಾಗ ಇಟ್ಕೋತೀನಿ. ಎಲ್ಲಾ ನನ್ನಿಂದ ಆದದ್ದು ಮಾಮಾ, ನಾನರೆ ಮೊದಲೇ…” ಹೆಂಗಸರು ಬುಟ್ಟಿ ಮರೆತು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಾಮಾ ಸೈಕಲಿನ ಸೀಟನ್ನು ಹೆಗಲ ಟವೆಲಿನಿಂದ ಒಮ್ಮೆ ಝಾಡಿಸಿ, ಹಿಟ್ಟು ಹಾರಿಸಿ, ನನ್ನ ಕಡೆ ತಿರುಗಿದರು.

“ಕಾಲು ನನ್ನವು, ನಾ ನೋಡ್ಕೋತೀನಿ. ನೀ ಐದೂವರಿಗಿ ಸೈಕಲ್ ತಗೊಂಡು ಬಾ, ಬಾಯಿ ಮನ್ಯಾಗ ಇಟ್ಟು ಬಾ.”